ದೀಪದ ಗುಡ್ಡದ ಬಣ್ಣದ ಚಕ್ಕೆ

ಕೊಂಡಾಪುರ, ಹೈದರಾಬಾದ್
೧೭ ನವೆಂಬರ್ ೨೦೨೪, ರವಿವಾರ

ಚಿರಂಜೀವಿ ಭಾಗ್ಯಶ್ರೀಗೆ ನಿನ್ನ ಮಾವ ಮೌನಪ್ಪನ ತುಂಬು ಆಶೀರ್ವಾದ.

ಭಾಗ್ಯವ್ವ, ನಿನ್ನ ಪತ್ರ ಬಂದು ಮುಟ್ಟಿತು. ನಿಮ್ಮಪ್ಪನ ಕೆಮ್ಮು ಇಳಿದಿದೆ, ಎಮ್ಮೆ ಕರು ಹಾಕಿದೆ, ನಿನ್ನ ಬಿ.ಎಡ್. ಪರೀಕ್ಷೆ ಮುಗಿದಿದೆ, ಎಲ್ಲ ಓದಿ ಸಂತೋಷವಾಯಿತು. ಕೊನೆಯಲ್ಲಿ ಮಾತ್ರ ಯಾವಾಗಲೂ ಬರೆಯುವ ಸಾಲನ್ನೇ ಬರೆದಿದ್ದೀ: ‘ಅತ್ತೆಗೆ ನಿಮ್ಮ ಪತ್ರ ಓದಿ ಹೇಳಿದೆ. ಕೇಳಿದಳು. ಮುಗೀತೇನು ಅಂದಳು.’ ನಿನ್ನ ಅತ್ತೆ ಗದಿಗೆಮ್ಮ ನನ್ನನ್ನು ಬಿಟ್ಟು ನಿಮ್ಮ ಮನೆಗೆ ಬಂದು ದೀಪಾವಳಿಗೆ ಎರಡು ವರ್ಷ ತುಂಬಿತು. ತಿಂಗಳಿಗೊಂದು ಪತ್ರ ಬರೆದಿದ್ದೇನೆ. ಪ್ರತಿ ಸಲವೂ ಅವಳು ಕೇಳುವುದು ಮುಗೀತೇನು ಎಂದೇ. ಬರ್ತೀನಿ ಅಂತ ಒಮ್ಮೆಯೂ ಅಂದಿಲ್ಲ.

‘ಫೋನ್ ಮಾಡಬಾರದೇನು ಮಾವ, ಈ ಕಾಲದಾಗ ಯಾರು ಪತ್ರ ಬರೀತಾರ’ ಎಂದು ಕೇಳಿದ್ದೀ. ಫೋನ್ ಮಾಡಿದರೆ ಅವಳು ಕೈಗೆ ತೆಗೆದುಕೊಳ್ಳುವುದಿಲ್ಲ ಎನ್ನುವುದು ಒಂದು. ಇನ್ನೊಂದು ನನ್ನ ನಾಲಗೆಯ ಸುದ್ದಿ. ಫೋನಿನಲ್ಲಿ ಅದಕ್ಕೆ ಕಡಿವಾಣ ಇರುವುದಿಲ್ಲ, ಒಂದು ಉಸಿರಿಗೆ ಹತ್ತು ಸುಳ್ಳು ಹೇಳಿ ಮುಗಿಸಿರುತ್ತದೆ. ಕೈ ಹಾಗಲ್ಲ. ಏಳನೇ ಇಯತ್ತೆಯವರೆಗೆ ಕಲಿತ ಕೈ ಇದು, ಒಂದೊಂದು ಅಕ್ಷರಕ್ಕೂ ನಿಂತು ದಮ್ಮು ತೆಗೆದುಕೊಳ್ಳುತ್ತದೆ. ಒಂದು ಸುಳ್ಳು ಅರ್ಧ ಬರೆಯುವಷ್ಟರಲ್ಲಿ ನನಗೇ ಬೇಸರ ಬಂದು ನಿಜ ಬರೆದುಬಿಡುತ್ತೇನೆ.

ಈ ಸಲದ ಪತ್ರ ಓದುವ ರೀತಿ ಬೇರೆ. ಇದರಲ್ಲಿ ನಿನ್ನ ಅತ್ತೆಗೆ ಕೇಳಿಸುವಂತೆ ಗಟ್ಟಿಯಾಗಿ ಓದುವುದೂ ಇದೆ, ನೀನೊಬ್ಬಳೇ ಮನಸ್ಸಿನಲ್ಲಿ ಓದಿಕೊಳ್ಳುವುದೂ ಇದೆ. ಎಲ್ಲಿ ಏನು ಎಂದು ನಾನೇ ಹೇಳುತ್ತಾ ಹೋಗುತ್ತೇನೆ. ಅವಳು ಕೌದಿ ಹೊಲಿಯುತ್ತಾ ಕೂತಿರುತ್ತಾಳೆ, ಸೂಜಿಯ ಮೇಲೆ ಕಣ್ಣು, ನಿನ್ನ ಮೇಲೆ ಕಿವಿ. ಹುಷಾರು. ಇನ್ನೊಂದು ಮಾತು: ನೀನು ಕಳಿಸಿದ ಪತ್ರದ ಲಕೋಟೆಯನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೇ ಹೋದ ವಾರ ಒಂದು ಊರಿಗೆ ಹೋಗಿಬಂದೆ. ಯಾಕೆ ಎಂದು ಕೊನೆಗೆ ಹೇಳುತ್ತೇನೆ.

ಈಗ ಗಟ್ಟಿಯಾಗಿ ಓದು.

ಹೋದ ವಾರ ನಾನು ಸಮುದ್ರಕ್ಕೆ ಹೋಗಿದ್ದೆ. ಕಾಚಿಗೂಡ ಸ್ಟೇಷನ್ನಿನಲ್ಲಿ ಗಾಡಿ ಹತ್ತಿದವನು ಮಂಗಳೂರಿನಲ್ಲೇ ಇಳಿದದ್ದು. ಅಲ್ಲಿಂದ ಬಸ್ಸಿನಲ್ಲಿ ಎರಡು ತಾಸು. ಬಸ್ಸು ನಿಲ್ಲುವ ಕಡೆಯಿಂದ ನೋಡಿದರೆ ಒಂದು ಗುಡ್ಡ ನೀರು ಕುಡಿಯಲು ಹೋದ ಎಮ್ಮೆಯ ಹಾಗೆ ಸಮುದ್ರದೊಳಕ್ಕೆ ಕತ್ತು ಚಾಚಿ ಮಲಗಿದೆ. ಅದರ ನೆತ್ತಿಯ ಮೇಲೆ ಬ್ರಿಟಿಷರ ಕಾಲದ ದೀಪಸ್ತಂಭ, ಹಡಗಿನವರಿಗೆ ದಾರಿ ತೋರಿಸುವಂಥದು, ಮೈತುಂಬ ಕಪ್ಪು ಬಿಳಿ ಪಟ್ಟೆ. ಅಲ್ಲಿಯವರು ಅದನ್ನು ದೀಪದ ಗುಡ್ಡ ಎನ್ನುತ್ತಾರೆ. ಗುಡ್ಡದ ಎಡಕ್ಕೊಂದು ಬೀಚು, ಬಲಕ್ಕೊಂದು ಬೀಚು. ನಾನು ಬರುವುದನ್ನು ದೂರದಿಂದಲೇ ಕಂಡು ದೀಪಸ್ತಂಭದ ಕಾವಲುಗಾರ ಕುರ್ಚಿಯಿಂದ ಎದ್ದ. ನನ್ನ ಕೈ ನೋಡಿಯೇ ಪೇಂಟರ್ ಎಂದು ಗುರುತು ಹಿಡಿದ. ‘ಮೌನಪ್ಪನವರೇ, ಇಪ್ಪತ್ತೆಂಟು ವರ್ಷದ ಹಿಂದೆ ನೀವು ಬಳಿದ ಬಣ್ಣ ಅಲ್ವಾ, ಇವತ್ತಿಗೂ ಮಳೆ ನೀರು ಜಾರಿ ಹೋಗ್ತದೆ’ ಅಂದ. ಮುಂದಿನ ಸಲ ಯಾವ ಬಣ್ಣ ಹಾಕಿಸಬೇಕೆಂದು ನನ್ನ ಸಲಹೆ ಕೇಳಿ ಬರೆದುಕೊಂಡ.

ಇಲ್ಲಿ ನಿಲ್ಲಿಸು. ನೀರು ಕುಡಿಯುವ ನೆಪ ಮಾಡು. ಇನ್ನು ಮುಂದಿನದು ಮನಸ್ಸಿನಲ್ಲಿ.

ಭಾಗ್ಯವ್ವ, ಕಾವಲುಗಾರ ಹಾಗೆ ಏನೂ ಅನ್ನಲಿಲ್ಲ. ಅವನು ಅಂದದ್ದು ಇಷ್ಟು: ‘ಚಪ್ಪಲಿ ಅಲ್ಲೇ ಬಿಡಿ ಮಾರಾಯ್ರೆ. ಅರ್ಧ ಗಂಟೆ ಮಾತ್ರ ಉಂಟು, ಬೇಗ ಹತ್ತಿ ಬೇಗ ಇಳೀರಿ.’ ನನ್ನ ಮುಖ ಕೂಡ ನೋಡಲಿಲ್ಲ. ಯಾಕೆ ನೋಡಬೇಕು? ಆ ದೀಪಸ್ತಂಭಕ್ಕೆ ನಾನು ಒಂದು ಬ್ರಶ್ ಬಣ್ಣ ಬಳಿದವನಲ್ಲ. ಹೋದ ವಾರದವರೆಗೆ ಸಮುದ್ರವನ್ನು ಕಣ್ಣಿನಿಂದ ಕಂಡವನೂ ಅಲ್ಲ.

ಬಳಿದವನು ಗುರುಬಸವ. ಹಗ್ಗದ ಕೆಲಸದಲ್ಲಿ ನನ್ನ ಜೋಡಿ. ನಮ್ಮ ಕಸುಬಿನಲ್ಲಿ ಒಬ್ಬ ಹಲಗೆಯ ಮೇಲೆ ಕೂತು ಇಪ್ಪತ್ತು ಮಹಡಿ ಕೆಳಗೆ ಜೋತು ಬಿದ್ದಿರುತ್ತಾನೆ, ಇನ್ನೊಬ್ಬ ಮಾಳಿಗೆಯ ಮೇಲೆ ಅವನ ಹಗ್ಗ ಕಾಯುತ್ತಾನೆ. ಸಣ್ಣವನಿದ್ದಾಗ ಗುರುಬಸವ ಯಾವುದೋ ಗುತ್ತಿಗೆದಾರನ ಜೊತೆ ಆ ಕಡೆ ಹೋಗಿ, ಒಂದು ತಿಂಗಳು ಆ ಗುಡ್ಡದ ಮೇಲಿದ್ದು, ಕಂಬಕ್ಕೆ ಪಟ್ಟೆ ಬಳಿದು ಬಂದಿದ್ದ. ಊಟಕ್ಕೆ ಕೂತಾಗೆಲ್ಲ ಅದೇ ಸುದ್ದಿ. ಕೇಳಿ ಕೇಳಿ ನನಗೆ ಬಾಯಿಪಾಠ ಆಯಿತು. ನಾನು ನಿಮ್ಮ ಮನೆಗೆ ಹೆಣ್ಣು ನೋಡಲು ಬಂದಾಗ, ನಿನ್ನ ಅಜ್ಜಿ ಚುರುಮುರಿ ತಂದಿಟ್ಟು ‘ಏನ್ ಕೆಲಸ ಮಾಡ್ತೀರಿ’ ಎಂದು ಕೇಳಿದರು. ಪೇಂಟಿಂಗ್ ಅಂದರೆ ಯಾರು ತಿರುಗಿ ನೋಡುತ್ತಾರೆ? ಬಾಗಿಲ ಹಿಂದೆ ಹಸಿರು ಬಳೆಯ ಕೈಯೊಂದು ಕಂಡಿತು. ಬಾಯಿ ತಾನಾಗಿಯೇ ಹೇಳಿತು: ‘ಸಮುದ್ರದಾಗ ಒಂದು ದೀಪದ ಕಂಬ ಐತ್ರಿ. ಅದಕ್ಕ ಬಣ್ಣ ಬಳದವ ನಾನಽ.’ ಬಳೆ ಸದ್ದು ಮಾಡಿತು. ಅಲ್ಲಿಗೆ ನನ್ನ ಮದುವೆ ಆಯಿತು ಎಂದು ತಿಳಿದುಕೋ.

ಮದುವೆಯ ಮೇಲೂ ಅವಳು ಆ ಮಾತು ಬಿಡಲಿಲ್ಲ. ಮಿಯಾಪುರದಲ್ಲಿ, ಮಾದಾಪುರದಲ್ಲಿ, ಕಟ್ಟುತ್ತಿರುವ ಬಿಲ್ಡಿಂಗಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ನಮ್ಮ ಸಂಸಾರ. ಸಂಜೆ ರೊಟ್ಟಿ ಬಡಿಯುತ್ತಾ ಕೇಳುತ್ತಿದ್ದಳು, ‘ಆ ದೀಪದ ಕಂಬದ ಮಾತು ಹೇಳ್ರಿ.’ ನಾನು ಹೇಳುತ್ತಿದ್ದೆ. ಹೇಳಿದಾಗಲೊಮ್ಮೆ ಮೆಟ್ಟಿಲು ಹೆಚ್ಚಾಗುತ್ತಿದ್ದವು. ‘ಹೋದ ಸಲ ಎರಡನೂರಾ ಐವತ್ತು ಅಂದಿದ್ರಿ, ಈಗ ಮುನ್ನೂರ ಆದವಲ್ರಿ. ನಡುವ ಯಾರು ಕಟ್ಟಿದ್ರು?’ ಎಂದು ನಗುತ್ತಿದ್ದಳು. ನನಗೆ ಮೌನಪ್ಪ ಎಂದು ಹೆಸರಿಟ್ಟವರು ಸಿಕ್ಕರೆ ಅವರಿಗೆ ಒಂದು ನಮಸ್ಕಾರ ಮಾಡಬೇಕು ಎನ್ನುತ್ತಿದ್ದಳು. ನಕ್ಕು ಮುಗಿದ ಮೇಲೆ ಒಂದೇ ಮಾತು: ‘ಒಮ್ಮೆ ಕರಕೊಂಡು ಹೋಗ್ರಿ. ನೀವು ಬಳದ ಬಣ್ಣ ಕೈಯಿಂದ ಮುಟ್ಟಿ ನೋಡ್ತೀನಿ.’

ಹೋಗೋಣ, ಹೋಗೋಣ ಎಂದು ಇಪ್ಪತ್ತಾರು ವರ್ಷ ತಳ್ಳಿದೆ. ಕೊನೆಗೆ ಅವಳೇ ದಾರಿ ಮಾಡಿಕೊಂಡಳು. ತಾನು ಅಡಿಗೆಗೆ ಹೋಗುತ್ತಿದ್ದ ಮನೆಯ ಮೇಡಂಗೆ ಹೇಳಿ, ಅವರ ಫೋನಿನಲ್ಲಿ ಇಬ್ಬರಿಗೂ ಟಿಕೆಟ್ ಮಾಡಿಸಿದಳು. ನನಗೆ ಹೇಳಿದ್ದು ಹಿಂದಿನ ದಿನ. ರೊಟ್ಟಿ ಕಟ್ಟಿದಳು, ಶೇಂಗಾ ಚಟ್ನಿ ಕುಟ್ಟಿದಳು, ಪೆಟ್ಟಿಗೆಯ ತಳದಲ್ಲಿದ್ದ ಇಳಕಲ್ ಸೀರೆ ತೆಗೆದಳು. ‘ಎಲ್ಲಿ ಬಳದೀರಿ, ತೋರಸ್ರಿ’ ಅಂದರೆ ಯಾವ ಪಟ್ಟೆಯ ಕಡೆ ಬೊಟ್ಟು ಮಾಡಲಿ?

ಬೆಳಿಗ್ಗೆ ಕಾಚಿಗೂಡಕ್ಕೆ ಹೋದೆವು. ಮಂಗಳೂರು ಗಾಡಿ ನಿಂತಿತ್ತು. ನಾನು ಅವಳನ್ನು ಅದರ ಮುಂದಿನಿಂದಲೇ ನಡೆಸಿಕೊಂಡು ಹೋಗಿ, ಆ ತುದಿಯ ಬೆಂಚಿನ ಮೇಲೆ ಕೂರಿಸಿದೆ. ‘ಇದು ನಮ್ದೇನ್ರಿ?’ ಎಂದು ಕೇಳಿದಳು. ‘ಇದು ಬೇರೆ ಕಡಿಂದು. ನಮ್ದು ಬರೋದೈತಿ’ ಅಂದೆ. ಅವಳಿಗೆ ಓದಲು ಬರುವುದಿಲ್ಲವಲ್ಲ, ನಂಬಿದಳು. ಗಾಡಿ ಬಿಟ್ಟಿತು. ಕಿಟಕಿಯಲ್ಲಿದ್ದ ಒಂದು ಕೂಸಿಗೆ ಕೈಬೀಸಿ ಕಳಿಸಿಕೊಟ್ಟಳು ಕೂಡ. ಸ್ವಲ್ಪ ಹೊತ್ತು ಬಿಟ್ಟು ನಾನು ಯಾರನ್ನೋ ಕೇಳಿದಂತೆ ಮಾಡಿ ಬಂದು, ‘ನಮ್ಮ ಮಂಗಳೂರ ಗಾಡಿ ರದ್ದಾಗೇತಂತ’ ಅಂದೆ. ಪಕ್ಕದಲ್ಲಿ ಒಬ್ಬಾಕೆ ಕಸ ಗುಡಿಸುತ್ತಿದ್ದಳು, ಬೀದರ ಕಡೆಯವಳು. ಸಾವಿತ್ರಿಬಾಯಿ ಅಂತ ಹೆಸರು, ಆಮೇಲೆ ತಿಳಿದುಕೊಂಡೆ. ಅವಳು ಪೊರಕೆ ನಿಲ್ಲಿಸಿ, ‘ರದ್ದು ಎಲ್ಲಿ ಆಗೇದ ರೀ? ಮಂಗಳೂರ ಗಾಡಿ ಈಗೇ ಹೋಯ್ತಲ್ಲ ನಿಮ್ಮ ಕಣ್ಣ ಮುಂದ. ಬೋರ್ಡ್ ನೋಡಿಲ್ಲೇನು ಬಾಯಿ ನೀವು?’ ಎಂದು ನಿನ್ನ ಅತ್ತೆಯನ್ನು ಕೇಳಿದಳು.

ನಿನ್ನ ಅತ್ತೆ ಬುತ್ತಿಯ ಗಂಟು ಬಿಚ್ಚಿದಳು. ನನ್ನ ಕೈಗೆ ಎರಡು ರೊಟ್ಟಿ ಇಟ್ಟು ‘ಉಣ್ರಿ’ ಅಂದಳು. ನಾನು ತಿಂದೆ, ಅಂಥ ನಾಚಿಕೆಗೇಡಿ. ತಿಂದು ಮುಗಿದ ಮೇಲೆ ಹೇಳಿದಳು: ‘ನಿಮ್ಮ ಸುಳ್ಳು ನನಗ ಹೊಸಾದಲ್ಲ. ನೀವು ಮೆಟ್ಟಲಾ ಹೆಚ್ಚು ಮಾಡಿದಾಗೆಲ್ಲ ನಾ ನಕ್ಕೇನಿ. ಅಕ್ಷರ ಬರಂಗಿಲ್ಲ ಅಂತ ಗೊತ್ತಿದ್ದು ನನ್ನ ಗಾಡಿ ಮುಂದಿಂದಽ ನನ್ನ ದಾಟಿಸಿದ್ರಲ್ಲ, ಅದು ಹೊಸಾದು.’

ಅಲ್ಲಿಂದ ಆಟೋದಲ್ಲಿ ಇಮ್ಲಿಬನ್ ಬಸ್‌ಸ್ಟ್ಯಾಂಡಿಗೆ. ನಿಮ್ಮೂರಿನ ಕಡೆಗೆ ಸಿಂಧನೂರು ಬಸ್ಸು ಹತ್ತಿದಳು. ಕೋಠಿಯ ಸಿಗ್ನಲ್ಲಿನಲ್ಲಿ ಆಟೋ ನಿಂತಾಗ ಒಮ್ಮೆ ತಡೆಯಬೇಕಿತ್ತು, ತಡೆಯಲಿಲ್ಲ. ಮೊಣಕಾಲು ನೋವು, ಇಲ್ಲಿಯ ಮೆಟ್ಟಿಲು ಹತ್ತಲು ಆಗುವುದಿಲ್ಲ, ಅದಕ್ಕೆ ತವರಿಗೆ ಹೋಗಿದ್ದಾಳೆ ಎಂದು ನಿಮಗೆಲ್ಲ ಹೇಳಿದವನು ನಾನು. ಅವಳ ಮೊಣಕಾಲಿಗೆ ಏನೂ ಆಗಿಲ್ಲ. ಎರಡು ವರ್ಷದಿಂದ ನಿಮ್ಮ ಎದುರಿಗೆ ನನ್ನ ಮರ್ಯಾದೆ ಉಳಿಸಲು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಾಳೆ ಅಷ್ಟೆ. ನನ್ನ ಸುಳ್ಳು ಅವಳು ಹೇಳುತ್ತಿದ್ದಾಳೆ. ಅದು ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತದೆ.

ಬಹಳ ಹೊತ್ತು ಸುಮ್ಮನಿದ್ದರೆ ಅವಳಿಗೆ ಅನುಮಾನ ಬರುತ್ತದೆ. ಗಟ್ಟಿಯಾಗಿ ಓದು.

ಗುಡ್ಡಕ್ಕೆ ಹತ್ತುವ ದಾರಿಯಲ್ಲಿ ಒಂದು ಚಹಾದ ಅಂಗಡಿ. ನಡೆಸುವಾಕೆ ನಿನ್ನ ಅತ್ತೆಯ ವಯಸ್ಸಿನವಳು. ಎಡಗಡೆಯ ಬೀಚಿನಲ್ಲಿ ದೋಣಿ ಎಳೆದು ಹಾಕಿದ್ದರು, ಮೀನು ಒಣಗಲು ಹರಡಿದ್ದರು, ಬೆಕ್ಕುಗಳ ಜಾತ್ರೆ. ಬಲಗಡೆಯದರಲ್ಲಿ ಬರೀ ಬಂಡೆ, ನೀರು ಬಂದು ಹೊಡೆದು ಹಾಲಾಗುತ್ತಿತ್ತು. ನಾನು ಚಹಾ ಹೇಳಿದೆ. ‘ಒಬ್ರೇ ಬಂದದ್ದಾ? ಮನೆಯವರನ್ನು ಕರ್ಕೊಂಡು ಬರ್ಲಿಲ್ವಾ?’ ಎಂದು ಆಕೆ ಕೇಳಿದಳು. ‘ಬಂದಾಳ್ರಿ, ಹಿಂದ ಬರಾಕತ್ತಾಳ. ಉಸುಕಿನಾಗ ನಡಿಯೋದು ರೂಢಿಯಿಲ್ಲ, ಸಾವಕಾಶ ಬರ್ತಾಳ’ ಅಂದೆ. ಯಾಕೆ ಹಾಗೆ ಅಂದೆನೋ ಗೊತ್ತಿಲ್ಲ. ಆಕೆ ಎರಡು ಗ್ಲಾಸು ಚಹಾ ಮಾಡಿದಳು. ಒಂದು ನನಗೆ ಕೊಟ್ಟಳು, ಇನ್ನೊಂದರ ಮೇಲೆ ತಟ್ಟೆ ಮುಚ್ಚಿ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿಟ್ಟಳು, ಆರಬಾರದು ಎಂದು.

ನಾನು ನನ್ನದನ್ನು ಕುಡಿದೆ. ಆ ಗ್ಲಾಸಿನ ಪಕ್ಕದಲ್ಲಿ ಕೂತೆ. ಕೆಳಗಿನ ದಾರಿಯಲ್ಲಿ ಯಾರ ಸೀರೆ ಕಂಡರೂ ಅಂಗಡಿಯಾಕೆ ಕತ್ತು ಎತ್ತಿ ನೋಡುತ್ತಿದ್ದಳು, ಆಕೆ ನೋಡಿದಾಗ ನಾನೂ ನೋಡುತ್ತಿದ್ದೆ. ಸುಳ್ಳು ಹೇಳಿದವನು ನಾನೇ, ಆದರೂ ನೋಡುತ್ತಿದ್ದೆ. ಎಷ್ಟೋ ಹೊತ್ತಿನ ಮೇಲೆ ಆಕೆ ತಟ್ಟೆ ತೆಗೆದಳು. ಚಹಾದ ಮೇಲೆ ಕೆನೆ ಕಟ್ಟಿತ್ತು. ‘ಬಿಸಿ ಮಾಡಿ ಕೊಡ್ಲಾ?’ ಅಂದಳು. ಬೇಡ ಎಂದು ಅದನ್ನೂ ನಾನೇ ಕುಡಿದೆ.

ಅಯ್ಯ, ಇದನ್ನು ಗಟ್ಟಿಯಾಗಿ ಓದು ಅಂದಿದ್ದೆನೇನು? ಓದಿಬಿಟ್ಟಿದ್ದರೆ ಇರಲಿ ಬಿಡು. ಮುಂದಿನದನ್ನೂ ಓದು. ಕೈ ದಣಿದಿದೆ, ಸುಳ್ಳು ಬರೆಯುವಷ್ಟು ತ್ರಾಣ ಉಳಿದಿಲ್ಲ.

ದೀಪಸ್ತಂಭದ ಮೆಟ್ಟಿಲು ಮುನ್ನೂರಲ್ಲ. ನೂರಾ ಹನ್ನೆರಡು. ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಎಣಿಸಿದೆ. ನಾನು ಹೇಳುತ್ತಿದ್ದ ಹಾಗೆ ಕಬ್ಬಿಣದವಲ್ಲ, ಕಲ್ಲಿನವು. ಸುತ್ತಿ ಸುತ್ತಿ ಹೋಗುತ್ತವೆ, ಗೋಡೆ ತಂಪಾಗಿದೆ, ಅಲ್ಲಲ್ಲಿ ಒಂದು ಕಿಂಡಿಯಿಂದ ಉಪ್ಪಿನ ಗಾಳಿ ಮುಖಕ್ಕೆ ಬಡಿಯುತ್ತದೆ. ಗಟ್ಟಿ ಮೊಣಕಾಲಿನವರು ಎಲ್ಲೂ ಕೂರದೆ ಹತ್ತಬಹುದು. ಮೇಲೆ ಕೊಪ್ಪರಿಗೆಯಷ್ಟು ದೊಡ್ಡ ಗಾಜಿನ ದೀಪ, ಅದರ ಸುತ್ತ ಹಿಡಿದು ನಿಲ್ಲಲು ಕಟಾಂಜನ.

ನಾನು ಎತ್ತರಕ್ಕೆ ಹೆದರುವವನಲ್ಲ, ನಿನಗೆ ಗೊತ್ತು. ಇದು ಬಡಾಯಿ ಅಲ್ಲ. ಕೊಂಡಾಪುರದ ಯಾವ ದೊಡ್ಡ ಅಪಾರ್ಟ್‌ಮೆಂಟಿನ ಹೊರಗೋಡೆಯಾದರೂ ತೋರಿಸು, ಅದರ ಮೇಲೆ ನನ್ನ ಕೈ ಆಡಿರುತ್ತದೆ. ಆದರೆ ಆ ಕಟಾಂಜನವನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ನಿಂತೆ. ಯಾಕೆಂದು ಆಮೇಲೆ ತಿಳಿಯಿತು. ಮೂವತ್ತು ವರ್ಷ ಹಗ್ಗಕ್ಕೆ ಜೋತು ಬಿದ್ದವನು ಗೋಡೆಯನ್ನೇ ನೋಡಿದ್ದೇನೆ. ಮೂಗಿನ ಮುಂದೆ ಒಂದು ಮೊಳ ಗೋಡೆ, ಅದೇ ನನ್ನ ಪ್ರಪಂಚ. ಬೆನ್ನ ಹಿಂದೆ ಏನಿದೆ ಎಂದು ತಿರುಗಿ ನೋಡುವ ಹಾಗಿಲ್ಲ, ಹಲಗೆ ಆಡುತ್ತದೆ. ಮೊದಲನೇ ಸಲ ಅಷ್ಟು ಎತ್ತರದಲ್ಲಿ ಗೋಡೆಗೆ ಬೆನ್ನು ಕೊಟ್ಟು ಹೊರಗೆ ನೋಡಿದೆ. ಮುಂದೆ ಏನೂ ಇರಲಿಲ್ಲ. ನೀರು, ಅದರ ಆಚೆ ನೀರು. ದಡದಲ್ಲಿ ಮಣ್ಣಿನ ಬಣ್ಣ, ಆಮೇಲೆ ಹಸಿರು, ಆಮೇಲೆ ಬೂದಿ. ಬಣ್ಣದ ಕಂಪನಿಯ ಶೇಡ್ ಕಾರ್ಡಿನ ಅರ್ಧ ಬಣ್ಣಗಳ ನಂಬರು ನನಗೆ ಬಾಯಿಪಾಠ. ಇದು ಯಾವ ನಂಬರು ಎಂದು ಹೇಳಲು ಬಾಯಿ ತೆಗೆದು ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲಿ ಗಾಳಿ ಇತ್ತು.

ಸಮುದ್ರ ನೀಲಿ ಇರುತ್ತದೆ ಎಂದು ಅವಳಿಗೆ ಎಷ್ಟು ಸಲ ಹೇಳಿದ್ದೆ. ಸುಳ್ಳಾದ ಆ ನೀಲಿಯನ್ನು ಅವಳ ಎದುರಿಗೆ ಒಪ್ಪಿಕೊಂಡು, ಅವಳು ‘ನೀಲಿ ಎಲ್ಲಿ ಐತ್ರಿ?’ ಎಂದು ಕೇಳಿ, ನಾನು ತಲೆ ಕೆರೆದುಕೊಂಡು, ಅವಳು ನಕ್ಕು, ಹೀಗೆ ಆಗಿದ್ದರೆ ಏನು ಕಳೆದುಹೋಗುತ್ತಿತ್ತು? ಇಪ್ಪತ್ತಾರು ವರ್ಷ ನಾನು ಹೆದರಿದ್ದು ಒಂದು ನಗುವಿಗೆ. ದಿನಾ ರೊಟ್ಟಿಯ ಜೊತೆ ಪುಕ್ಕಟೆ ಸಿಗುತ್ತಿದ್ದ ನಗುವಿಗೆ.

ಕೆಳಗಿನಿಂದ ಕಾವಲುಗಾರ ಸೀಟಿ ಊದಿದ. ಇಳಿದೆ. ದೀಪಸ್ತಂಭದ ಬುಡದಲ್ಲಿ, ಉಪ್ಪು ತಿಂದು ಬಣ್ಣ ಎದ್ದಿರುವ ಕಡೆ, ಉಗುರಿನಷ್ಟು ಅಗಲದ ಚಕ್ಕೆಯೊಂದು ಬಿದ್ದಿತ್ತು. ‘ಇದು ತಗೋಬಹುದಾ’ ಎಂದು ಕೇಳಿದೆ. ‘ಎಂತಕ್ಕೆ ಅದು? ಗುಡಿಸಿ ಬಿಸಾಡುವಂಥದ್ದು’ ಎಂದು ನಕ್ಕ. ಈ ಪತ್ರದ ಜೊತೆ ಕಾಗದದಲ್ಲಿ ಮಡಚಿ ಇಟ್ಟಿದ್ದೇನೆ. ಅದನ್ನು ಅತ್ತೆಯ ಕೈಗೆ ಕೊಡು. ಅಡ್ಡಲಾಗಿ ಹಿಡಿದು ಅದರ ಅಂಚನ್ನು ನೋಡಲು ಹೇಳು. ಬಿಳಿ ಮೇಲೆ ಬಿಳಿ, ಒಂಬತ್ತು ಪದರ ಇವೆ, ಕೌದಿಯ ಅಂಚಿನ ಹಾಗೆ. ಒಂದೊಂದು ಪದರ ಒಬ್ಬೊಬ್ಬ ಪೇಂಟರನ ಒಂದೊಂದು ಬೇಸಿಗೆ. ಅದರಲ್ಲಿ ಒಂದು ಗುರುಬಸವನದು. ನನ್ನದು ಒಂದೂ ಇಲ್ಲ. ನಾನು ಬಳಿದ ಬಣ್ಣ ಮುಟ್ಟಿ ನೋಡುತ್ತೇನೆ ಅಂದಿದ್ದಳಲ್ಲ, ನಾನು ಬಳಿಯದೇ ಇರುವುದನ್ನು ಮುಟ್ಟಿ ನೋಡಲಿ.

ಗುರುಬಸವನಿಗೂ ಎಲ್ಲ ಹೇಳಿದೆ. ನನ್ನ ಮದುವೆ ಅವನ ಕಥೆಯ ಮೇಲೆ ಆಯಿತು ಎಂದು ಅವನಿಗೆ ಗೊತ್ತೇ ಇರಲಿಲ್ಲ. ಬೈಯುತ್ತಾನೆ ಅಂದುಕೊಂಡಿದ್ದೆ. ‘ಅಲ್ಲಲೇ, ಕಥಿ ನಂದು, ಹೆಂಡ್ತಿ ನಿನಗ ಸಿಕ್ಕಳು. ಆಕಿನ್ನರ ಸರಿ ಇಟಗೋಬಾರದೇನು’ ಅಂದ. ಅವನು ಬೈಗುಳಕ್ಕಿಂತ ಕೆಟ್ಟದ್ದನ್ನೇ ಹೇಳುವವನು.

ನಿಮ್ಮಪ್ಪನಿಗೆ ನಮಸ್ಕಾರ ತಿಳಿಸು. ಎಮ್ಮೆಯ ಕರುವಿಗೆ ಹೆಸರಿಟ್ಟರೆ ಬರೆ.

ನಿನ್ನ ಬಡಾಯಿ ಮಾವ,
ಮೌನಪ್ಪ

ತಾ.ಕ. ಲಕೋಟೆಯ ಸುದ್ದಿ ಹೇಳುತ್ತೇನೆ ಅಂದಿದ್ದೆ. ಭಾಗ್ಯವ್ವ, ನೀನು ಯಾವಾಗಲೂ ವಿಳಾಸವನ್ನು ಇಂಗ್ಲಿಷಿನಲ್ಲಿ ಬರೆಯುತ್ತೀ, ಇಲ್ಲಿಯ ಪೋಸ್ಟ್‌ಮ್ಯಾನ್ ಓದಲಿ ಎಂದು. ಈ ಸಲವೂ ಹಾಗೇ ಬರೆದಿದ್ದೀ. ಆದರೆ ಹಿಂಬದಿಯಲ್ಲಿ, ಗೋಂದು ಹಚ್ಚುವ ಕಡೆ, ಪೆನ್ಸಿಲ್ಲಿನಲ್ಲಿ ಕನ್ನಡದ ಮೂರು ಅಕ್ಷರ ಇದ್ದವು. ‘ಯಾವ ಸಣ್ಣ ಕೂಸು ಬರದೈತಿ ಕಾಕಾ ನಿನ್ನ ಹೆಸರು?’ ಎಂದು ವಾಚ್‌ಮನ್ ಶಿವಶರಣಪ್ಪ ಕೇಳಿದ. ಕೂಸಲ್ಲ. ಒಂದೊಂದು ಅಕ್ಷರಕ್ಕೂ ನಡುವೆ ಒಂದೇ ಅಳತೆಯ ಜಾಗ, ಕೌದಿಯ ಹೊಲಿಗೆಯ ಹಾಗೆ. ಆ ಕೈ ನನಗೆ ಗೊತ್ತು.

ಗದಿಗೆಮ್ಮ, ಇನ್ನು ನಿನಗೇ ಬರೆಯುತ್ತೇನೆ. ಇಪ್ಪತ್ತೆಂಟು ವರ್ಷದಲ್ಲಿ ಗಂಡನ ಹೆಸರು ಬಾಯಿಂದ ಹೇಳಿದವಳಲ್ಲ ನೀನು. ಮದುವೆಯಲ್ಲಿ ಒಡಪು ಕಟ್ಟಿ ಹೆಸರು ಹೇಳು ಎಂದು ಎಲ್ಲರೂ ಗಂಟು ಬಿದ್ದಾಗಲೂ ಸೆರಗಿ‌ನಿಂದ ಬಾಯಿ ಮುಚ್ಚಿಕೊಂಡು ನಿಂತವಳು. ಆ ಹೆಸರನ್ನು, ಭಾಗ್ಯವ್ವನ ಹತ್ತಿರ ಅಕ್ಷರ ಕಲಿತು, ಕೈಯಿಂದ ಬರೆದು ಕಳಿಸಿದ್ದೀ. ನಿನಗೆ ಓದಿ ಹೇಳಬೇಡ ಅಂದದ್ದನ್ನು ನೀನೇ ಮೊದಲು ಓದುತ್ತೀ ಎಂದು ತಿಳಿದೇ ಮನಸ್ಸಿನಲ್ಲಿ ಓದು, ನೀರು ಕುಡಿಯುವ ನೆಪ ಮಾಡು ಎಂದೆಲ್ಲ ಬರೆದೆ. ಮುಖಕ್ಕೆ ಮುಖ ಕೊಟ್ಟು ಹೇಳುವ ಧೈರ್ಯ ಇದ್ದಿದ್ದರೆ ಆ ದಿನ ಬೆಂಚಿನ ಮೇಲೆಯೇ ಹೇಳುತ್ತಿದ್ದೆ.

ಅಮಾಸಿ ಕಳೆದ ಮೇಲಿನ ಶುಕ್ರವಾರ, ಡಿಸೆಂಬರ್ ಆರು, ಬೆಳಿಗ್ಗೆ ಮಂಗಳೂರು ಗಾಡಿ ಇದೆ. ಶುಕ್ರವಾರ ಹೆಣ್ಣುಮಗಳನ್ನು ತವರಿನಿಂದ ಕಳಿಸಬಾರದು ಎಂದು ನಿನ್ನ ಅಣ್ಣ ಅನ್ನಬಹುದು, ಗುರುವಾರವೇ ಹೊರಟು ಬಾ. ಕಾಚಿಗೂಡದಲ್ಲಿ ಅದೇ ಬೆಂಚಿನ ಮೇಲೆ ಕೂತಿರುತ್ತೇನೆ. ಗಾಡಿಯ ಮೈಮೇಲೆ ಬೋರ್ಡು ಇರುತ್ತದೆ, ಮೂರು ನಾಲ್ಕು ಭಾಷೆಯಲ್ಲಿ ಬರೆದಿರುತ್ತಾರೆ, ಅದರಲ್ಲಿ ಒಂದು ನಮ್ಮ ಕನ್ನಡ. ನಾನು ಆ ಕಡೆ ನೋಡುವುದಿಲ್ಲ. ನೀನು ಓದು. ನಮ್ಮದು ಅಂದರೆ ನಿನ್ನ ಹಿಂದೆ ಹತ್ತುತ್ತೇನೆ. ನಮ್ಮದಲ್ಲ ಅಂದರೆ, ಅದು ನನ್ನ ಕಣ್ಣ ಮುಂದೆಯೇ ಹೋದರೂ, ನೀನು ಹೇಳಿದ್ದನ್ನೇ ನಂಬಿ ನಿನ್ನ ಪಕ್ಕದಲ್ಲಿ ಕೂತಿರುತ್ತೇನೆ.

ಬುತ್ತಿ ಈ ಸಲ ನಾನು ಕಟ್ಟುತ್ತೇನೆ. ರೊಟ್ಟಿ ದುಂಡಗೆ ಬರುವುದಿಲ್ಲ, ಈಗಲೇ ಹೇಳಿರುತ್ತೇನೆ.